ವಾಣಿಜ್ಯ ಶಿಕ್ಷಕರ ಕಲಿಕೆಯೂ ಕನ್ನಡ ಮಾಧ್ಯಮದ ಮಕ್ಕಳ ಲೆಕ್ಕವೂ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಗಡಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮಗುವನ್ನು ಯಾವ ಗುಂಪಿಗೆ ಸೇರಿಸಬೇಕು? ವಿಜ್ಞಾನಕ್ಕೆ ಅಂಕ ಸಾಲದಿದ್ದರೆ ವಾಣಿಜ್ಯ ಎಂಬ ಉತ್ತರ ಬಹುಕಾಲದಿಂದ ಚಾಲ್ತಿಯಲ್ಲಿದೆ. ಶಂಕಗಿರಿಯಂತಹ ಊರಿಗೆ ಈ ಉತ್ತರ ಒಪ್ಪುವುದಿಲ್ಲ ಎಂಬುದು ನಮ್ಮ ಎಣಿಕೆ. ಇದು ಲಾರಿ ಮಾಲೀಕರ ಊರೆಂದೇ ಹೆಸರಾದದ್ದು. ಪಕ್ಕದ ತಿರುಚೆಂಗೋಡಿನ ಕೊಳವೆಬಾವಿ ಯಂತ್ರಗಳು ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ನೆಲ ಕೊರೆಯುತ್ತವೆ. ಎಡಪ್ಪಾಡಿ, ಎಲಂಪಿಳ್ಳೈ ಕಡೆಗೆ ಮಗ್ಗದ ಸದ್ದು, ಊರ ಅಂಚಿನಲ್ಲಿ ಸಿಮೆಂಟು ಕಾರ್ಖಾನೆ. ಇಷ್ಟು ವ್ಯಾಪಾರವಿರುವ ಕಡೆ ಲೆಕ್ಕ ಬಲ್ಲ ಹುಡುಗನಿಗೂ ಹುಡುಗಿಗೂ ಕೆಲಸಕ್ಕೆ ಕೊರತೆಯಿರಬಾರದು. ಹೀಗಿರುವಾಗ ವಾಣಿಜ್ಯ ವಿಭಾಗವನ್ನು ಅಂಕ ಕಡಿಮೆಯಾದವರ ತಂಗುದಾಣವೆಂದು ಎಣಿಸುವುದು ನಮಗೆ ನಾವೇ ಮಾಡಿಕೊಳ್ಳುವ ನಷ್ಟ.

ಶಾಲೆಯನ್ನು ಆರಿಸುವಾಗ ಪೋಷಕರು ಬಸ್ಸು, ಶುಲ್ಕ, ತೇರ್ಗಡೆಯ ಪ್ರಮಾಣ ಇವನ್ನೆಲ್ಲ ವಿಚಾರಿಸುತ್ತಾರೆ. ವಾಣಿಜ್ಯವನ್ನು ಕಲಿಸುವ ಶಿಕ್ಷಕರು ತಾವು ಕಲಿಯುತ್ತಿರುವರೇ, ಎಲ್ಲಿ, ಯಾರೊಡನೆ ಎಂದು ಕೇಳಿದವರು ವಿರಳ. ಕನ್ನಡ ಮಾಧ್ಯಮದಿಂದ ಬರುವ ಮಗುವಿನ ಮಟ್ಟಿಗೆ ಇದು ಉಳಿದೆಲ್ಲ ಪ್ರಶ್ನೆಗಳಿಗಿಂತ ದೊಡ್ಡದೇಕೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಭಾಷೆ ಬದಲಾಗುವ ಹೊತ್ತು

ಮಾತೃಭಾಷೆಯಲ್ಲಿ ಶಿಕ್ಷಣ ಒದಗಿಸುವ ಬಗ್ಗೆ ನಾವು ಮತ್ತೆ ಮತ್ತೆ ನೆನೆಯುವ ಸಂವಿಧಾನದ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯವಿರಬೇಕೆಂದು ಅದು ಹೇಳುತ್ತದೆ. ಪ್ರಾಥಮಿಕ ಹಂತ ಎಂಬ ಮಾತನ್ನು ಗಮನಿಸಬೇಕು. ಹನ್ನೊಂದನೆಯ ತರಗತಿಯ ಬಗ್ಗೆ ಆ ವಿಧಿ ಏನನ್ನೂ ಹೇಳುವುದಿಲ್ಲ. ಹೊಸೂರು, ಡೆಂಕಣಿಕೋಟೆ, ತಾಳವಾಡಿ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ ಬಂದ ಮಗು ವಾಣಿಜ್ಯ ವಿಭಾಗಕ್ಕೆ ಕಾಲಿಡುವಾಗ ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ತಮಿಳು ಮಾಧ್ಯಮವನ್ನು ಎದುರಿಸಬೇಕಾಗುತ್ತದೆ. ಸೇಲಂ ಸುತ್ತಿನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಕನ್ನಡ ಮಾತು ಉಳಿದಿದೆ, ಅಕ್ಷರ ಎಲ್ಲ ಮನೆಗಳಲ್ಲೂ ಉಳಿದಿಲ್ಲ. ಆ ಮಕ್ಕಳ ತೊಡಕು ಸ್ವಲ್ಪ ಬೇರೆ ಬಗೆಯದಾದರೂ ತರಗತಿಯಲ್ಲಿ ಮೌನವಾಗುವ ಹೊತ್ತು ಒಂದೇ.

ಗಣಿತ, ವಿಜ್ಞಾನಗಳ ವಿಷಯದಲ್ಲಿ ಹೀಗಲ್ಲ. ಅವುಗಳ ಬುನಾದಿಯನ್ನು ಮಗು ಹತ್ತು ವರ್ಷ ಕನ್ನಡದಲ್ಲಿ ಹಾಕಿಕೊಂಡಿರುತ್ತದೆ. ಹೊಸ ಭಾಷೆಯಲ್ಲಿ ಹಳೆಯ ಪರಿಚಯವನ್ನೇ ಕಾಣುತ್ತದೆ. ಲೆಕ್ಕಶಾಸ್ತ್ರವಾದರೋ ಹನ್ನೊಂದನೆಯ ತರಗತಿಯಲ್ಲಿ ಮೊದಲ ಬಾರಿಗೆ ಎದುರಾಗುವ ವಿದ್ಯೆ. ವಿಷಯವೂ ಹೊಸತು, ಭಾಷೆಯೂ ಹೊಸತು. ಮೊದಲ ಎರಡು ತಿಂಗಳಲ್ಲಿ ಬುಡ ಹಿಡಿಯದಿದ್ದರೆ ಅಲ್ಲಿಂದ ಮುಂದೆ ಮಗು ಮಾದರಿ ಲೆಕ್ಕಗಳನ್ನು ಬಾಯಿಪಾಠ ಮಾಡತೊಡಗುತ್ತದೆ. ಹೀಗೆ ಉರುಹೊಡೆದು ತೇರ್ಗಡೆಯಾದವರೂ ಉಂಟು. ಆದರೆ ಪದವಿ ತರಗತಿಗೆ ಹೋದಾಗ ಅದರ ಬೆಲೆ ತೆರಬೇಕಾಗುತ್ತದೆ.

ತಮಿಳುನಾಡಿನ ಸರಕಾರಿ ಶಾಲೆಗಳಿಗೆ ಸ್ನಾತಕೋತ್ತರ ಶಿಕ್ಷಕರನ್ನು ಆಯ್ಕೆ ಮಾಡುವುದು ಚೆನ್ನೈನ ಶಿಕ್ಷಕರ ನೇಮಕಾತಿ ಮಂಡಳಿ. ವಾಣಿಜ್ಯಕ್ಕೆ ಎಂ.ಕಾಂ. ಮತ್ತು ಬಿ.ಎಡ್. ಆಗಿರಬೇಕು. ಹೀಗೆ ಬಂದವರು ಯಾವ ಜಿಲ್ಲೆಯವರಾದರೂ ಆಗಿರಬಹುದು. ಅವರಿಗೆ ಕನ್ನಡ ತಿಳಿಯದಿರುವುದು ಅವರ ದೋಷವಲ್ಲ, ಅದನ್ನು ದೋಷವೆಂದು ಬಗೆದು ದೂರುವುದರಿಂದ ಫಲವೂ ಇಲ್ಲ. ನಮ್ಮ ಮಗು ಎಲ್ಲಿ ಎಡವುತ್ತದೆ ಎಂಬುದನ್ನು ಅವರು ಅರಿತುಕೊಳ್ಳಬಲ್ಲರೇ ಎಂಬುದೇ ಮುಖ್ಯ. ಅದು ಪದವಿಯೊಡನೆ ಬರುವ ಜ್ಞಾನವಲ್ಲ, ಕೆಲಸದಲ್ಲಿದ್ದುಕೊಂಡು ಬೆಳೆಸಿಕೊಳ್ಳಬೇಕಾದದ್ದು.

ಬಂದ ಹಣಕ್ಕೆ ಖರ್ಚು ಎನ್ನುವುದೇಕೆ?

ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ. ಬೆಂಗಳೂರಿಗೆ ಸರಕು ಒಯ್ದ ಲಾರಿಗೆ ₹18,000 ಬಾಡಿಗೆ ನಗದಾಗಿ ಬಂದಿತು ಎಂದಿಟ್ಟುಕೊಳ್ಳಿ. ಜೋಡಿ ನಮೂದು ಪದ್ಧತಿಯಲ್ಲಿ ಇದು ಎರಡು ಖಾತೆಗಳಿಗೆ ಹತ್ತುತ್ತದೆ. ಇಂಗ್ಲಿಷಿನಲ್ಲಿ ನಗದು ಖಾತೆಗೆ ಡೆಬಿಟ್, ಬಾಡಿಗೆ ಖಾತೆಗೆ ಕ್ರೆಡಿಟ್. ಕನ್ನಡದ ಲೆಕ್ಕಶಾಸ್ತ್ರದಲ್ಲಿ ಡೆಬಿಟ್ಟಿಗೆ ಖರ್ಚು ಎಂದೂ ಕ್ರೆಡಿಟ್ಟಿಗೆ ಜಮೆ ಎಂದೂ ರೂಢಿ. ಹಾಗಾದರೆ ನಗದು ಖಾತೆಗೆ ಖರ್ಚು! ಮನೆಗೆ ಹಣ ಬಂದಿದೆ, ಪುಸ್ತಕದಲ್ಲಿ ಖರ್ಚು ಎಂದು ಬರೆಯಬೇಕು. ಬುದ್ಧಿವಂತ ಮಗು ಇಲ್ಲಿ ಗೊಂದಲಕ್ಕೆ ಬೀಳುವುದೇ ಸಹಜ. ಗೊಂದಲಕ್ಕೆ ಬೀಳದ ಮಗು ಯೋಚಿಸಿಲ್ಲವೆಂದೇ ಅರ್ಥ.

ತಮಿಳು ಪುಸ್ತಕದಲ್ಲಿ ಡೆಬಿಟ್ಟಿಗೆ ಪಟ್ರು, ಕ್ರೆಡಿಟ್ಟಿಗೆ ವರವು. ವರವು ಎಂದರೆ ಆಡುಮಾತಿನಲ್ಲಿ ಬರುವ ಹಣ, ಆದಾಯ. ಆದರೆ ಬಂದ ನಗದನ್ನು ನಗದು ಖಾತೆಯಲ್ಲಿ ಬರೆಯುವಾಗ ಅದು ವರವು ಆಗುವುದಿಲ್ಲ, ಪಟ್ರು ಆಗುತ್ತದೆ. ಅಂದರೆ ತಮಿಳು ಮಗುವೂ ಅದೇ ಹಳ್ಳಕ್ಕೆ ಬೀಳುತ್ತದೆ, ಎದುರು ದಡದಿಂದ. ಇಷ್ಟಕ್ಕೇ ಮುಗಿಯಲಿಲ್ಲ. ಪತ್ತಿನ ಸಹಕಾರ ಸಂಘ ಎಂಬ ಹಲಗೆಯನ್ನು ಕನ್ನಡ ಮಗು ಕಂಡಿರುತ್ತದೆ. ಅಲ್ಲಿ ಪತ್ತು ಎಂದರೆ ಕ್ರೆಡಿಟ್. ಕಿವಿಗೆ ಅದರ ಹತ್ತಿರವೇ ಕೇಳಿಸುವ ಪಟ್ರು ತಮಿಳಿನಲ್ಲಿ ನೇರ ಎದುರಿನದು. ಈ ಬಗೆಯ ಮೋಸಗಾರ ಪದಗಳನ್ನು ಶಿಕ್ಷಕರು ಮೊದಲೇ ಗುರುತಿಸಿ ಹೇಳದಿದ್ದರೆ ಮಗುವಿನ ತಪ್ಪು ತಿಂಗಳುಗಟ್ಟಲೆ ತಿದ್ದುಪಡಿಯಾಗದೆ ಉಳಿಯುತ್ತದೆ. ಶಿಕ್ಷಕರು ಅದನ್ನು ಅಜಾಗ್ರತೆಯೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ, ಅಷ್ಟೆ.

ಸಾಲಗಾರ ಎಂಬ ಪದವನ್ನು ನೋಡಿ. ಸಾಲಗಾರರು ಮನೆ ಬಾಗಿಲಿಗೆ ಬಂದರು ಎಂದರೆ ಕೊಟ್ಟವರು ಬಂದರೆಂದರ್ಥ. ಅವನು ದೊಡ್ಡ ಸಾಲಗಾರ ಎಂದರೆ ತೆಗೆದುಕೊಂಡವನು. ತಮಿಳಿನ ಕಡನ್‌ಕಾರನ್ ಎಂಬುದಕ್ಕೂ ಇದೇ ಇಬ್ಬಗೆ. ಪಠ್ಯಪುಸ್ತಕ ಕಡನಾಳಿ, ಕಡನೀಂದೋರ್ ಎಂದು ಬೇರ್ಪಡಿಸಿಕೊಟ್ಟಿದೆ. ಮೊದಲನೆಯವನು ನಮಗೆ ಕೊಡಬೇಕಾದವನು, ಎರಡನೆಯವನು ನಾವು ಕೊಡಬೇಕಾದವನು. ಕಡ ತರುವುದು ಎಂಬ ಮಾತು ಕನ್ನಡದಲ್ಲಿಯೂ ಇರುವುದರಿಂದ ಮಗುವಿಗೆ ಇದನ್ನು ತಿಳಿಸುವುದು ಕಷ್ಟವಲ್ಲ.

ಭಾಷೆ ಯಾವಾಗಲೂ ತೊಡಕೇ ಎಂದೇನಲ್ಲ. ತಮಿಳಿನ ಪೇರೇಡು ಎಂದರೆ ಲೆಡ್ಜರ್. ಪೇರ್ ಎಂಬುದು ಹೆದ್ದಾರಿ, ಹೆಮ್ಮರಗಳಲ್ಲಿರುವ ನಮ್ಮ ಹಿರಿದೇ. ಹಿರಿಯ ಪುಸ್ತಕ ಎಂದರೆ ಅರ್ಥ ತಾನಾಗಿ ನಿಲ್ಲುತ್ತದೆ. ಸವಕಳಿಗೆ ಅವರು ತೇಯ್ಮಾನಂ ಎನ್ನುತ್ತಾರೆ. ಗಂಧ ತೇಯುವುದನ್ನು ಕಂಡ ಮಗುವಿಗೆ ಮತ್ತೇನು ವಿವರಣೆ ಬೇಕು? ನಗದಿಗೆ ರೊಕ್ಕಂ ಎಂಬ ಪದ ಉತ್ತರ ಕರ್ನಾಟಕದ ಸಂತೆಯಿಂದ ಎದ್ದುಬಂದಂತಿದೆ. 2006ರ ತಮಿಳು ಕಲಿಕೆ ಕಾಯ್ದೆಯ ತರುವಾಯ ಕನ್ನಡ ಶಾಲೆಗಳ ಮಕ್ಕಳಲ್ಲಿ ಬಹಳ ಮಂದಿ ತಮಿಳನ್ನು ಓದಿ ಬರೆಯಬಲ್ಲರು. ಆ ಕಾಯ್ದೆಯ ಬಗ್ಗೆ ನಮ್ಮ ಸಮುದಾಯದ ಆಕ್ಷೇಪಗಳು ಬೇರೆಯೇ ಇವೆ. ಆದರೆ ಕಲಿತದ್ದು ಕಲಿತಾಗಿದೆ. ಮೂರು ಭಾಷೆಗಳ ಪದಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಬಲ್ಲ ಮಗು ಒಂದೇ ಭಾಷೆಯ ಮಗುವಿಗಿಂತ ವಿಷಯವನ್ನು ಆಳವಾಗಿ ಹಿಡಿಯಬಹುದು, ಹಾಗೆ ಬರೆಸುವ ಶಿಕ್ಷಕರು ಸಿಕ್ಕಿದರೆ.

ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಒಂದು ಭೇದವನ್ನು ಮುಂದಿಟ್ಟರು. ವಿಷಯವನ್ನು ಬಲ್ಲುದು ಬೇರೆ, ಬೋಧನೆಯ ಸಾಮಾನ್ಯ ವಿಧಾನಗಳನ್ನು ಬಲ್ಲುದು ಬೇರೆ. ಇವೆರಡೂ ಸೇರುವಲ್ಲಿ, ಈ ವಿಷಯದ ಈ ಭಾಗ ಈ ಮಕ್ಕಳಿಗೆ ಏಕೆ ಕಷ್ಟ ಎಂಬ ಮೂರನೆಯ ಅರಿವೊಂದು ಇದೆ, ಶಿಕ್ಷಕರನ್ನು ಶಿಕ್ಷಕರನ್ನಾಗಿಸುವುದು ಅದೇ ಎಂದು ಅವರು ವಾದಿಸಿದರು. ಲೆಕ್ಕಪರಿಶೋಧಕರಿಗೆ ಖರ್ಚು ಜಮೆಯ ನಿಯಮ ಗೊತ್ತು. ಕನ್ನಡ ಮಾಧ್ಯಮದ ಹುಡುಗಿ ಎಲ್ಲಿ ನಿಲ್ಲುತ್ತಾಳೆ ಎಂಬುದು ಅವರಿಗೆ ಗೊತ್ತಿರಬೇಕಾಗಿಲ್ಲ. ಅವಳ ಶಿಕ್ಷಕರಿಗೆ ಗೊತ್ತಿರಲೇಬೇಕು.

ವರ್ಷವರ್ಷವೂ ಮಾರ್ಪಡುವ ವಿಷಯ

ಪೈಥಾಗೊರಸನ ಪ್ರಮೇಯವನ್ನು ಕಲಿತವರು ನಿವೃತ್ತಿಯವರೆಗೂ ಅದನ್ನೇ ಹೇಳಿಕೊಡಬಹುದು. ವಾಣಿಜ್ಯಕ್ಕೆ ಆ ಸೌಭಾಗ್ಯವಿಲ್ಲ. 2000ದ ಆಸುಪಾಸಿನಲ್ಲಿ ಎಂ.ಕಾಂ. ಮುಗಿಸಿದವರು ಓದಿದ್ದು 1956ರ ಕಂಪನಿ ಕಾಯ್ದೆ. ಅದರ ಜಾಗಕ್ಕೆ 2013ರ ಕಾಯ್ದೆ ಬಂದಿದೆ. ಅವರು ಓದಿದ ಮಾರಾಟ ತೆರಿಗೆ ಮೌಲ್ಯವರ್ಧಿತ ತೆರಿಗೆಯಾಯಿತು, 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯಾಯಿತು. ಸಾಗಣೆದಾರರ 1865ರ ಕಾಯ್ದೆಯ ಬದಲಿಗೆ 2007ರ ರಸ್ತೆ ಸಾಗಣೆ ಕಾಯ್ದೆ ಬಂದಿತು. ಲಾರಿಯ ಊರಿಗೆ ಇದು ಸಣ್ಣ ಸಂಗತಿಯಲ್ಲ. ಗ್ರಾಹಕ ಸಂರಕ್ಷಣೆಗೆ 1986ರದ್ದು ಹೋಗಿ 2019ರ ಕಾಯ್ದೆ. ನಾಲ್ಕು ಮುಖ್ಯ ದರಗಳೊಡನೆ ಆರಂಭವಾದ ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12 ಮತ್ತು 28ರ ದರಗಳನ್ನು ಬಹುಮಟ್ಟಿಗೆ ಕೈಬಿಡಲಾಗಿದೆ. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಸ್ಥಾನವನ್ನು ಪಡೆಯುತ್ತದೆ. ತಲೆಮಾರುಗಳಿಂದ ಮಕ್ಕಳನ್ನು ಕಾಡಿದ ಹಿಂದಿನ ವರ್ಷ, ನಿರ್ಧಾರಣಾ ವರ್ಷ ಎಂಬ ಜೋಡಿಯ ಬದಲು ತೆರಿಗೆ ವರ್ಷ ಎಂಬ ಒಂದೇ ಹೆಸರು ಬಂದಿದೆ.

ತಮಿಳುನಾಡಿನ ಹನ್ನೊಂದನೆಯ ತರಗತಿಗೆ ಹೊಸ ಪಠ್ಯ ಬಂದದ್ದು 2018–19ರಲ್ಲಿ, ಹನ್ನೆರಡಕ್ಕೆ ಮರುವರ್ಷ. ಹನ್ನೆರಡನೆಯ ತರಗತಿಯ ಲೆಕ್ಕಶಾಸ್ತ್ರದಲ್ಲಿ ಟ್ಯಾಲಿ ತಂತ್ರಾಂಶದ ಅಧ್ಯಾಯವೂ ಸೇರಿತು. ಕೈಬರಹದ ದಿನವಹಿಯಲ್ಲಿ ಪಳಗಿದ ಶಿಕ್ಷಕರು ಅಂದು ಗಣಕಯಂತ್ರದ ಮುಂದೆ ಹೊಸದಾಗಿ ಕುಳಿತುಕೊಳ್ಳಬೇಕಾಯಿತು. ಪುಸ್ತಕ ಅಚ್ಚಾದ ಮೇಲೂ ಕಾನೂನು ನಿಲ್ಲುವುದಿಲ್ಲವಷ್ಟೆ. ಆಗ ಒಳ್ಳೆಯ ಶಿಕ್ಷಕರು ಮಾಡುವುದು ಇಷ್ಟು: ಪರೀಕ್ಷೆಗೆ ಪುಸ್ತಕದಲ್ಲಿರುವುದು ಇದು, ಅಂಗಡಿಯಲ್ಲಿ ಇಂದು ನಡೆಯುತ್ತಿರುವುದು ಇದು ಎಂದು ಎರಡನ್ನೂ ಬೇರ್ಪಡಿಸಿ ಹೇಳುತ್ತಾರೆ. ಹಾಗೆ ಹೇಳಬೇಕಾದರೆ ಅವರಿಗೆ ಎರಡೂ ತಿಳಿದಿರಬೇಕು.

ಊರೇ ಪ್ರಯೋಗಶಾಲೆ

ಭೌತಶಾಸ್ತ್ರಕ್ಕೆ ಪ್ರಯೋಗಶಾಲೆ ಬೇಕು, ಸರಕಾರ ಕಟ್ಟಿಸಿಕೊಡಬೇಕು. ವಾಣಿಜ್ಯಕ್ಕೆ ಶಂಕಗಿರಿಯ ಬೀದಿಯೇ ಸಾಕು. ಇಲ್ಲಿನ ಯಾವುದಾದರೂ ಬುಕಿಂಗ್ ಆಫೀಸಿನ ಮೇಜಿನ ಮೇಲೆ ಲಾರಿ ರಸೀದಿ, ಬೆಲೆಪಟ್ಟಿ, ಇ-ವೇ ಬಿಲ್ಲು ಮೂರೂ ಸಿಗುತ್ತವೆ. ₹50,000 ಮೀರಿದ ಸರಕು ಹೊರರಾಜ್ಯಕ್ಕೆ ಹೋಗಬೇಕಾದರೆ ಇ-ವೇ ಬಿಲ್ಲು ಬೇಕು. 2018ರ ಏಪ್ರಿಲ್ 1ರಿಂದ ಈ ನಿಯಮವಿದೆ. ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರ್ ಅಥವಾ ಅದರ ಭಾಗಕ್ಕೆ ಒಂದು ದಿನದ ಮಾನ್ಯತೆ. ಶಂಕಗಿರಿಯಿಂದ ಬೆಂಗಳೂರಿನ ದಾರಿ ಇನ್ನೂರನ್ನು ಮೀರುವುದರಿಂದ ಎರಡು ದಿನ. ಹೊಸೂರಿನ ಗಡಿಯಲ್ಲಿ ಚಾಲಕರು ಏನನ್ನು ತೋರಿಸುತ್ತಾರೆ, ಏಕೆ ತೋರಿಸುತ್ತಾರೆ ಎಂಬುದರಿಂದಲೇ ಪರೋಕ್ಷ ತೆರಿಗೆಯ ಅಧ್ಯಾಯವನ್ನು ಆರಂಭಿಸಬಹುದು.

ಸವಕಳಿಯನ್ನು ಕಲಿಸುವಾಗ ಪುಸ್ತಕಗಳಲ್ಲಿ ಹೆಸರಿಲ್ಲದ ಯಂತ್ರವೊಂದು ಬರುವುದು ವಾಡಿಕೆ. ಅದರ ಬದಲು ₹40,00,000 ಬೆಲೆಯ ಲಾರಿಯನ್ನು ತೆಗೆದುಕೊಳ್ಳಿ. ಬಾಡಿಗೆಗೆ ಓಡಿಸುವ ಲಾರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಶೇಕಡಾ 30ರ ದರ, ಉಳಿದ ಬೆಲೆಯ ಮೇಲೆ. ಮೊದಲ ಪೂರ್ಣ ವರ್ಷಕ್ಕೆ ₹12,00,000 ಸವೆದು ₹28,00,000 ಉಳಿಯುತ್ತದೆ. ಎರಡನೆಯ ವರ್ಷ ₹8,40,000 ಸವೆದು ₹19,60,000. ಕಂತು ಇನ್ನೂ ತೀರಿಲ್ಲ, ಪುಸ್ತಕದಲ್ಲಿ ಲಾರಿಯ ಬೆಲೆ ಅರ್ಧಕ್ಕಿಂತ ಕೆಳಗಿಳಿದಿದೆ. ಮಾಲೀಕರ ಮನೆಯ ಮಗುವಿಗೆ ಆಗ ಇನ್ನೊಂದು ಸಂದೇಹ ಬರುತ್ತದೆ: ಅಪ್ಪ ತಿಂಗಳಿಗೆ ಕಟ್ಟುವ ಕಂತು ಪೂರ್ತಿ ವೆಚ್ಚವಲ್ಲವೇ? ಅಲ್ಲ. ಕಂತಿನಲ್ಲಿ ಬಡ್ಡಿಯಷ್ಟೇ ವೆಚ್ಚ, ಅಸಲು ಸಾಲದ ತೀರುವಳಿ. ಈ ಒಂದು ಭೇದ ತಿಳಿಯದೆ ಲಾಭವಿದೆಯೋ ನಷ್ಟವಿದೆಯೋ ಎಂದು ಗೊತ್ತಾಗದೆ ಎಷ್ಟೋ ಮಂದಿ ಲಾರಿ ಓಡಿಸುತ್ತಿದ್ದಾರೆ. ಹತ್ತಕ್ಕಿಂತ ಹೆಚ್ಚು ವಾಹನಗಳಿಲ್ಲದವರು ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡರೆ ಸವಕಳಿಯನ್ನು ಬೇರೆಯಾಗಿ ಕಳೆಯುವಂತಿಲ್ಲ ಎಂಬುದನ್ನೂ ಶಿಕ್ಷಕರು ಸೇರಿಸಿದರೆ ಮಗು ಅದನ್ನು ಮನೆಗೊಯ್ದು ಹೇಳುತ್ತದೆ.

ಮಗ್ಗದ ಮನೆಯ ಪಾಠ ಇದಕ್ಕಿಂತ ಸೂಕ್ಷ್ಮ. ಕೂಲಿಗೆ ನೇಯುವ ಮನೆಯಲ್ಲಿ ಹಾಸಿಗೂ ಹೊಕ್ಕಿಗೂ ಬೇಕಾದ ನೂಲು ರಾಶಿ ಬಿದ್ದಿರುತ್ತದೆ. ಅದು ಆ ಮನೆಯವರ ಆಸ್ತಿಯೇ? ನೂಲನ್ನು ಕೊಟ್ಟವರು ಬೇರೆ, ಸೀರೆಯಾದ ಮೇಲೆ ಒಯ್ಯುವವರು ಅವರೇ. ನೇಕಾರರ ಅಡಾವೆ ಪತ್ರಿಕೆಯಲ್ಲಿ ಆ ನೂಲಿಗೆ ಜಾಗವಿಲ್ಲ. ಮಗ್ಗ ತಮ್ಮದಾಗಿದ್ದರೆ ಅದಕ್ಕೆ ಉಂಟು, ಬರಬೇಕಾದ ಕೂಲಿಗೆ ಉಂಟು. ಕಣ್ಣೆದುರಿಗೆ ಇರುವುದೆಲ್ಲ ಆಸ್ತಿಯಲ್ಲ, ಕಣ್ಣಿಗೆ ಕಾಣದ ಬಾಕಿಯೂ ಆಸ್ತಿ. ಪದವಿ ವಿದ್ಯಾರ್ಥಿಗಳೂ ತಡವರಿಸುವ ಈ ತತ್ತ್ವವನ್ನು ನೇಕಾರರ ಮಗಳು ಹುಟ್ಟಿನಿಂದ ನೋಡುತ್ತಿದ್ದಾಳೆ. ಆ ಮನೆಯೊಳಕ್ಕೆ ಒಮ್ಮೆ ಕಾಲಿಟ್ಟ ಶಿಕ್ಷಕರು ಮಾತ್ರ ಅದನ್ನು ಪಾಠವನ್ನಾಗಿಸಬಲ್ಲರು. ಶಿಕ್ಷಕರು ವ್ಯಾಪಾರದ ಲೋಕದೊಡನೆ ಸಂಪರ್ಕವಿಟ್ಟುಕೊಳ್ಳುವುದು ಅವರ ವೃತ್ತಿಯ ಭಾಗವೇ ಎಂದು ನಾವು ಹೇಳುವುದು ಈ ಕಾರಣಕ್ಕೆ.

ಒಂಟಿ ಶಿಕ್ಷಕರು

ಇಷ್ಟೆಲ್ಲ ಬೇಕೆಂದು ಪಟ್ಟಿ ಮಾಡುವುದು ಸುಲಭ. ಶಿಕ್ಷಕರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಮೇಲ್ನಿಲೆಯ ಶಾಲೆಯೊಂದರಲ್ಲಿ ಭಾಷೆ, ಗಣಿತ, ವಿಜ್ಞಾನಗಳಿಗೆ ಕೆಳತರಗತಿಗಳ ಶಿಕ್ಷಕರೂ ಸೇರಿ ಹಲವರಿರುತ್ತಾರೆ. ವಾಣಿಜ್ಯ ಕೊನೆಯ ಎರಡು ವರ್ಷಗಳಲ್ಲಷ್ಟೇ ಇರುವುದರಿಂದ ಅನೇಕ ಶಾಲೆಗಳಲ್ಲಿ ಅದನ್ನೂ ಲೆಕ್ಕಶಾಸ್ತ್ರವನ್ನೂ ಒಬ್ಬರೇ ನೋಡಿಕೊಳ್ಳುತ್ತಾರೆ. ಸಂದೇಹ ಬಂದರೆ ಕೊಠಡಿಯಲ್ಲಿ ಕೇಳಲು ಇನ್ನೊಬ್ಬರಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಹುಟ್ಟಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಮುಖ್ಯವಾಗಿ ಪ್ರಾಥಮಿಕ ಹಂತಕ್ಕಾಗಿ ರೂಪುಗೊಂಡವು. ವಾಣಿಜ್ಯ ಅವುಗಳ ದೃಷ್ಟಿಯ ಅಂಚಿನಲ್ಲಿಯೇ ಉಳಿಯಿತು.

ಇದು ವಿಚಿತ್ರವೇ ಸರಿ, ಏಕೆಂದರೆ ಭಾರತದಲ್ಲಿ ವಾಣಿಜ್ಯ ಶಿಕ್ಷಣದ ತೊಟ್ಟಿಲು ಈ ರಾಜ್ಯವೇ. 1886ರಲ್ಲಿ ಪಚ್ಚೈಯಪ್ಪ ಧರ್ಮನಿಧಿಯವರು ಮದರಾಸಿನಲ್ಲಿ ತೆರೆದದ್ದು ದೇಶದ ಮೊದಲ ವಾಣಿಜ್ಯ ಶಾಲೆಯೆಂದು ಪರಿಗಣಿತವಾಗಿದೆ. ಸರಕಾರಿ ವಾಣಿಜ್ಯ ಪರೀಕ್ಷೆಗಳು ಆರಂಭವಾದದ್ದೂ ಆಗಲೇ. ಬೆರಳಚ್ಚು, ಶೀಘ್ರಲಿಪಿ, ಲೆಕ್ಕಶಾಸ್ತ್ರದ ಸರಕಾರಿ ತಾಂತ್ರಿಕ ಪರೀಕ್ಷೆಗಳು ಇಂದಿಗೂ ನಡೆಯುತ್ತಿವೆ. 1952–53ರ ಪ್ರೌಢಶಿಕ್ಷಣ ಆಯೋಗ, ಮದರಾಸು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯಲ್ಲಿ, ಬಹೂದ್ದೇಶ ಶಾಲೆಗಳನ್ನು ಸೂಚಿಸಿತು. ಅವುಗಳ ಏಳು ಶಾಖೆಗಳಲ್ಲಿ ವಾಣಿಜ್ಯವೂ ಒಂದು. ಶಾಖೆಗಳೇನೋ ಬಂದವು, ಕಲಿಸುವವರೆಲ್ಲಿ? ಅದಕ್ಕಾಗಿಯೇ 1963ರ ಸುಮಾರಿಗೆ ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಆರಂಭವಾದವು. ವಾಣಿಜ್ಯ, ಕೃಷಿ, ತಾಂತ್ರಿಕ ವಿಷಯಗಳ ಶಿಕ್ಷಕರನ್ನು ಸಿದ್ಧಗೊಳಿಸುವುದು ಅವುಗಳ ಉದ್ದೇಶಗಳಲ್ಲಿ ಸೇರಿತ್ತು. ಕೆಲಸದಲ್ಲಿರುವವರಿಗಾಗಿ ಬೇಸಿಗೆ ರಜೆಯಲ್ಲಿ ಬಂದು ಕಲಿತು, ಉಳಿದ ತಿಂಗಳುಗಳಲ್ಲಿ ಅಂಚೆಯ ಮೂಲಕ ಓದುವ ಬಿ.ಎಡ್. ಪಠ್ಯಕ್ರಮವನ್ನೂ ನಡೆಸಿದವು. ದಕ್ಷಿಣದ ರಾಜ್ಯಗಳಿಗೆಲ್ಲ ಮೈಸೂರಿನ ಕಾಲೇಜೇ ಕೇಂದ್ರ. ಕನ್ನಡ ನಾಡಿನ ನಡುವೆ ತಮಿಳು ಶಿಕ್ಷಕರೂ ಕನ್ನಡ ಶಿಕ್ಷಕರೂ ಒಂದೇ ಸೂರಿನಡಿ ಕಲಿಯುವುದಕ್ಕೆ ಅಲ್ಲಿ ಅವಕಾಶವಿತ್ತು. ಕಾಲೇಜು ಇಂದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯಾಗಿ ಉಳಿದಿದೆ. ಅಲ್ಲಿನ ಸಂಯುಕ್ತ ಪದವಿಗಳು ವಿಜ್ಞಾನ ಮತ್ತು ಕಲಾ ವಿಷಯಗಳಿಗೆ ಮೀಸಲು. ವಾಣಿಜ್ಯ ಹಿಂದೆ ಸರಿದದ್ದು ಒಂದು ನಷ್ಟವೆಂದೇ ನಾವು ತಿಳಿಯುತ್ತೇವೆ.

ಸೇವೆಯಲ್ಲಿರುವವರ ತರಬೇತಿಯ ಅಳತೆಯೂ ಕುಗ್ಗುತ್ತ ಬಂದಿದೆ. 1964–66ರ ಕೊಠಾರಿ ಆಯೋಗ ಪ್ರತಿ ಐದು ವರ್ಷಗಳ ಸೇವೆಗೆ ಎರಡು ಮೂರು ತಿಂಗಳ ತರಬೇತಿ ಸಿಗಬೇಕೆಂದಿತು. 2020ರ ರಾಷ್ಟ್ರೀಯ ನೀತಿ ಹೇಳುವುದು ವರ್ಷಕ್ಕೆ ಕನಿಷ್ಠ 50 ಗಂಟೆ. ದಿನಕ್ಕೆ ಆರು ಗಂಟೆಯೆಂದರೆ ಎಂಟೊಂಬತ್ತು ದಿನ, ಐದು ವರ್ಷಕ್ಕೆ ಒಂದೂವರೆ ತಿಂಗಳು ಮುಟ್ಟುವುದೂ ಕಷ್ಟ. ತಮಿಳುನಾಡು ಆ ನೀತಿಯನ್ನು ಒಪ್ಪದೆ 2025ರ ಆಗಸ್ಟಿನಲ್ಲಿ ತನ್ನದೇ ರಾಜ್ಯ ಶಿಕ್ಷಣ ನೀತಿಯನ್ನು ಪ್ರಕಟಿಸಿದೆ. ಯಾವ ನೀತಿಯಾದರೂ ಗಂಟೆಗಳನ್ನು ಎಣಿಸಬಲ್ಲುದು; ಆ ಗಂಟೆಗಳಲ್ಲಿ ವಾಣಿಜ್ಯಕ್ಕೆ ಎಷ್ಟು, ಅದರಲ್ಲೂ ಅನ್ಯಭಾಷೆಯ ಮಕ್ಕಳ ಸಮಸ್ಯೆಗೆ ಎಷ್ಟು ಎಂಬುದನ್ನು ಜಿಲ್ಲೆಯಲ್ಲಿಯೇ ಗೊತ್ತುಪಡಿಸಬೇಕು. 2017ರಲ್ಲಿ ಆರಂಭವಾದ ದೀಕ್ಷಾ ಜಾಲತಾಣ ಕನ್ನಡ, ತಮಿಳು ಎರಡರಲ್ಲಿಯೂ ಇದೆ. ಆದರೆ ರಾತ್ರಿ ಮೊಬೈಲಿನಲ್ಲಿ ವಿಡಿಯೊ ಓಡಲು ಬಿಟ್ಟು ಪ್ರಮಾಣಪತ್ರ ಪಡೆಯುವುದು ಕಲಿಕೆಯಲ್ಲ. ಇದು ಶಿಕ್ಷಕರಿಗೂ ಗೊತ್ತು.

ಸಂಘಗಳ ಮಾತು. 1947ರಲ್ಲಿ ಸ್ಥಾಪನೆಯಾದ ಭಾರತೀಯ ವಾಣಿಜ್ಯ ಸಂಘ ವಾರ್ಷಿಕ ಸಮ್ಮೇಳನಗಳನ್ನು ನಡೆಸುತ್ತದೆ, ಪತ್ರಿಕೆಯನ್ನು ಹೊರಡಿಸುತ್ತದೆ. ಅದರಲ್ಲಿ ಹೆಚ್ಚಿನವರು ಕಾಲೇಜು, ವಿಶ್ವವಿದ್ಯಾನಿಲಯಗಳ ಅಧ್ಯಾಪಕರು. ಶಾಲಾ ಶಿಕ್ಷಕರ ಸಂಘಗಳು ವೇತನ, ವರ್ಗಾವಣೆ, ನಿವೃತ್ತಿವೇತನಗಳಿಗಾಗಿ ದುಡಿಯುತ್ತವೆ. ಅದು ಅಗತ್ಯವಾದ ಕೆಲಸವೇ. ಸವಕಳಿಯನ್ನು ಹೇಗೆ ಕಲಿಸಿದೆ, ಯಾರಿಗೆ ತಿಳಿಯಲಿಲ್ಲ ಎಂದು ಮಾತಾಡಿಕೊಳ್ಳುವ ಜಾಗ ಮಾತ್ರ ಎರಡರ ನಡುವೆ ಖಾಲಿಯಾಗಿದೆ. ಅದಕ್ಕೆ ದೊಡ್ಡ ವೇದಿಕೆ ಬೇಡ. ಶಂಕಗಿರಿ, ಎಡಪ್ಪಾಡಿ, ತಿರುಚೆಂಗೋಡುಗಳ ಐದಾರು ಶಾಲೆಗಳ ವಾಣಿಜ್ಯ ಶಿಕ್ಷಕರು ಎರಡು ತಿಂಗಳಿಗೊಮ್ಮೆ ಒಂದು ಶನಿವಾರ ಸೇರಿದರೆ ಸಾಕು. ಒಮ್ಮೆ ಲೆಕ್ಕಪರಿಶೋಧಕರೊಬ್ಬರನ್ನು ಕರೆದು ತೆರಿಗೆಯ ಹೊಸ ದರಗಳನ್ನು ತಿಳಿದುಕೊಳ್ಳಬಹುದು, ಇನ್ನೊಮ್ಮೆ ಹೊಸೂರು ಕಡೆಯ ಕನ್ನಡ ಶಿಕ್ಷಕರೊಬ್ಬರನ್ನು ಕರೆದು ಪದಗಳ ಪಟ್ಟಿಯನ್ನು ತಿದ್ದಿಸಿಕೊಳ್ಳಬಹುದು.

ಪೋಷಕರ ಪಾಲು

ಶಿಕ್ಷಕರು ತರಬೇತಿಗೆ ಹೋದ ದಿನ ಪಾಠ ತಪ್ಪಿತೆಂದು ಗೊಣಗುವವರು ನಮ್ಮಲ್ಲಿಯೇ ಹೆಚ್ಚು. ಆ ಗೊಣಗಾಟದಲ್ಲಿ ಕೆಲವೊಮ್ಮೆ ನ್ಯಾಯವೂ ಇರುತ್ತದೆ: ಪರದೆಯ ಮೇಲಿನ ಸಾಲುಗಳನ್ನು ಓದಿ ಮುಗಿಸುವ ತರಬೇತಿಗಾಗಿ ಪರೀಕ್ಷೆಯ ತಿಂಗಳಲ್ಲಿ ತರಗತಿ ಖಾಲಿ ಬಿಡುವುದನ್ನು ಯಾರೂ ಒಪ್ಪಲಾರರು. ಆದರೆ ಜೂನ್, ಜುಲೈ ತಿಂಗಳಲ್ಲಿ ಎರಡು ದಿನ ಹೋಗಿ ಹೊಸದನ್ನು ತಿಳಿದು ಬಂದರೆ ಅದು ತಪ್ಪಿದ ಪಾಠವಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಆ ಸಭೆಗಳಲ್ಲಿ ಗೋಡೆ, ಶೌಚಾಲಯ, ನೀರಿನ ಮಾತು ಮುಗಿದ ಮೇಲೆ ಈ ವಿಷಯವನ್ನೂ ಎತ್ತಬಹುದು. ಹುದ್ದೆ ಖಾಲಿಯಿದ್ದಾಗ ಸಮಿತಿಯ ಮೂಲಕ ತಾತ್ಕಾಲಿಕ ಶಿಕ್ಷಕರನ್ನು ತೆಗೆದುಕೊಳ್ಳುವ ಪದ್ಧತಿ ತಮಿಳುನಾಡಿನಲ್ಲಿದೆ. ವಾಣಿಜ್ಯಕ್ಕೆ ಹಾಗೆ ತೆಗೆದುಕೊಳ್ಳುವಾಗ ಕನ್ನಡ ಬಲ್ಲ ಎಂ.ಕಾಂ. ಪದವೀಧರರು ಊರಿನಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸುವುದು ನಮ್ಮವರ ಕೆಲಸ. ಅಂತಹವರು ಅರ್ಜಿ ಹಾಕದಿದ್ದರೆ ಮುಖ್ಯೋಪಾಧ್ಯಾಯರನ್ನು ದೂಷಿಸಿ ಪ್ರಯೋಜನವಿಲ್ಲ.

ಶಾಲೆಗೆ ಸೇರಿಸುವ ಮುನ್ನ ಶಿಕ್ಷಕರನ್ನು ಕಂಡು ಮಾತನಾಡುವುದು ಒಳ್ಳೆಯದು. ಪ್ರಶ್ನೆಗಳು ವಿಚಾರಣೆಯಂತೆ ಇರಬಾರದು. ನಮ್ಮ ಮಗು ಕನ್ನಡದಲ್ಲಿ ಓದಿದೆ, ಮೊದಲ ತಿಂಗಳು ಎಲ್ಲಿ ತೊಡಕಾಗಬಹುದು ಸಾರ್ ಎಂದು ಕೇಳಿದರೆ ಸಾಕು. ಉತ್ತರ ಕೊಡುವ ಬಗೆಯಿಂದಲೇ ಬಹಳಷ್ಟು ತಿಳಿಯುತ್ತದೆ. ಟ್ಯಾಲಿಯನ್ನು ಮಕ್ಕಳು ತಾವೇ ಗಣಕಯಂತ್ರದಲ್ಲಿ ಮಾಡುತ್ತಾರೆಯೇ, ಕರಿಹಲಗೆಯ ಮೇಲೆ ಚಿತ್ರ ಬರೆದು ಮುಗಿಸುತ್ತಾರೆಯೇ ಎಂಬುದನ್ನೂ ಕೇಳಬಹುದು.

ಮನೆಯವರು ಕೊಡಬಹುದಾದ್ದೂ ಉಂಟು. ಲಾರಿಯ ಹಳೆಯ ಟ್ರಿಪ್ ಲೆಕ್ಕದ ಪುಸ್ತಕ, ಮುಗಿದುಹೋದ ಚೀಟಿಯ ಲೆಕ್ಕ, ನೂಲು ಕೊಟ್ಟು ಸೀರೆ ಒಯ್ದ ಪಟ್ಟಿ, ಇವು ತರಗತಿಗೆ ಯಾವ ಪಠ್ಯಪುಸ್ತಕವೂ ಕೊಡಲಾಗದ ಸಾಮಗ್ರಿ. ಹೆಸರು, ಬ್ಯಾಂಕ್ ಖಾತೆಯ ಸಂಖ್ಯೆ, ಫೋನ್ ಸಂಖ್ಯೆಗಳನ್ನು ಮುಚ್ಚಿ ಪ್ರತಿ ಮಾಡಿಸಿ ಕೊಡಬೇಕು, ಮೂಲವನ್ನು ಕೊಡಬಾರದು. ಮಗುವಿನ ಕೈಗೆ ಒಂದು ಉದ್ದನೆಯ ನೋಟುಪುಸ್ತಕ ಕೊಟ್ಟು ಪುಟವನ್ನು ಮೂರು ಅಂಕಣಗಳಾಗಿ ಗೆರೆ ಹಾಕಿಸಿ. ಮೊದಲ ಅಂಕಣಕ್ಕೆ ಇಂಗ್ಲಿಷ್ ಪದ, ಎರಡನೆಯದಕ್ಕೆ ತಮಿಳು, ಮೂರನೆಯದಕ್ಕೆ ಕನ್ನಡ. ಡೆಬಿಟ್, ಪಟ್ರು, ಖರ್ಚು ಎಂಬುದು ಮೊದಲ ಸಾಲಾಗಲಿ. ಕನ್ನಡದ ಅಂಕಣವನ್ನು ಮನೆಯಲ್ಲಿ ತುಂಬಬೇಕು. ಉಳಿದ ಎರಡನ್ನು ವಾರಕ್ಕೊಮ್ಮೆ ಶಿಕ್ಷಕರಿಗೆ ತೋರಿಸಿ ತಿದ್ದಿಸಬೇಕು. ವರ್ಷ ಮುಗಿಯುವ ಹೊತ್ತಿಗೆ ಇನ್ನೂರು ಮುನ್ನೂರು ಪದಗಳಾಗುತ್ತವೆ. ಶಿಕ್ಷಕರು ಅದರ ಪ್ರತಿಯೊಂದನ್ನು ತಮ್ಮಲ್ಲಿ ಇಟ್ಟುಕೊಳ್ಳಲು ಬಯಸಿದರೆ ಸಂತೋಷದಿಂದ ಕೊಡಿ. ಮುಂದಿನ ಜೂನ್ ತಿಂಗಳಲ್ಲಿ ಇನ್ನೊಂದು ಕನ್ನಡ ಮಗು ಅದೇ ಬೆಂಚಿನ ಮೇಲೆ ಬಂದು ಕೂರುತ್ತದೆ.